ಅಕ್ಕಾ, ಆ ಕೆಂಪು ಹನಿಗಳ ವಿಷ್ಯ

ಪ್ರೀತಿಯ ಅಕ್ಕಾ,

ಮೊನ್ನೆ ಫೋನಲ್ಲಿ ನೀನು, ಬಿಳಿ ರಕ್ತಕಣಗಳು ಸೋಂಕಿನ ಜೊತೆ ಹೊಡೆದಾಡೋವು ತಾನೆ, ಅವಕ್ಕೂ ಕೊಬ್ಬಿಗೂ ಏನ್ ಸಂಬಂಧ ಅಂತ ಕೇಳ್ದೆ, ಅಷ್ಟರಲ್ಲಿ ಲೈನ್ ಕಟ್ ಆಯ್ತು. ಅದಕ್ಕೇ ಕೂತು ಬರೀತಿದೀನಿ.

ಇವತ್ತು ಲ್ಯಾಬಲ್ಲಿ ಮ್ಯಾಕ್ರೋಫೇಜ್ ಅನ್ನೋ ಒಂದು ಬಗೆ ಬಿಳಿ ರಕ್ತಕಣಗಳಿಗೆ, ಕೊಬ್ಬನ್ನ ಕೆಂಪಾಗಿ ತೋರ್ಸೋ ಆಯಿಲ್ ರೆಡ್ ಓ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ದೆ. ಸೆಲ್ ಒಳಗೆ ನ್ಯೂಕ್ಲಿಯಸ್ ಸುತ್ತ ಸಣ್ಣ ಸಣ್ಣ ಕೆಂಪು ಹನಿ, ಕೆಲವು ಒತ್ತೊತ್ತಾಗಿ ಅಂಟ್ಕೊಂಡಿದ್ವು. ಅಷ್ಟೂ ಕೊಬ್ಬು. ತುಂಬಾ ಹೊತ್ತು ಕಣ್ಣು ಕೀಳಕ್ಕಾಗ್ಲಿಲ್ಲ ನಂಗೆ.

ಈ ಕೊಬ್ಬು ಸುಮ್ನೆ ಕೂತಿರಲ್ಲ ಅಕ್ಕಾ. ಊಟ ಇಲ್ದಾಗ ಕೊಬ್ಬಿನ ಕೋಶಗಳು ಟ್ರೈಗ್ಲಿಸರೈಡ್ ಅಂದ್ರೆ ಕೂಡಿಟ್ಟ ಕೊಬ್ಬನ್ನ ಒಡೆದು ಅದರ ತುಣುಕು ಫ್ಯಾಟಿ ಆಸಿಡ್ ಹೊರಗೆ ಬಿಡ್ತವೆ, ಅದು ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್‌ಗೆ ಅಂಟ್ಕೊಂಡು ಸ್ನಾಯು, ಹೃದಯದ ಕಡೆ ಹೋಗತ್ತೆ, ಆದ್ರೆ ಒಂದೇ ಸಲ ಜಾಸ್ತಿ ಬಂದ್ರೆ ಸೆಲ್‌ಗಳಿಗೆ ತೊಂದ್ರೆ. ಆಗ ಮ್ಯಾಕ್ರೋಫೇಜ್‌ಗಳು ಆ ಕೊಬ್ಬಿನ ಜಾಗಕ್ಕೆ ಬಂದು ಸೇರ್ಕೊಂಡು ಹೆಚ್ಚಾಗಿದ್ದನ್ನ ಒಳಗೆ ಎಳ್ಕೊಂಡು ಹನಿ ಮಾಡಿ ಇಟ್ಕೊಳ್ತವೆ, ಇದನ್ನ ಇಲಿಗಳಲ್ಲಿ ನೋಡಿದಾರೆ. ಆ ಹನಿ ಮತ್ತೆ ಒಡೆದು ಫ್ಯಾಟಿ ಆಸಿಡ್ ಆಗಿ ಹೊರಗೆ ಬರಬಹುದು.

ನಂಗೆ ಇನ್ನೂ ಇಷ್ಟ ಆಗೋದು ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಬಗೆ ಬಿಳಿ ರಕ್ತಕಣದ ಕಥೆ. ಅದರ ಪೊರೆಯಲ್ಲಿ ಅರಾಕಿಡೋನಿಕ್ ಆಸಿಡ್ ಅಂತ 20 ಕಾರ್ಬನ್‌ನ ಫ್ಯಾಟಿ ಆಸಿಡ್ ಇರತ್ತೆ, ಅದನ್ನ ಬಿಡಿಸಿ ಲ್ಯೂಕೋಟ್ರೈನ್ ಎ4 ಮಾಡತ್ತೆ (ಲ್ಯೂಕೋಟ್ರೈನ್ ಅಂದ್ರೆ ಉರಿಯೂತದ ಸಂದೇಶ ಕೊಡೋ ಪದಾರ್ಥಗಳ ಗುಂಪು). ನೀರಿಗೆ ಬಿದ್ರೆ ಕೆಲವೇ ಸೆಕೆಂಡಲ್ಲಿ ಹಾಳಾಗೋ ಪದಾರ್ಥ. ಅದನ್ನ ಪಕ್ಕದಲ್ಲಿರೋ ಪ್ಲೇಟ್‌ಲೆಟ್‌ಗೆ (ರಕ್ತ ಹೆಪ್ಪುಗಟ್ಟಿಸೋ ಕಣ) ದಾಟಿಸಿಬಿಡತ್ತೆ. ಪ್ಲೇಟ್‌ಲೆಟ್‌ಗೆ ಎ4 ಮಾಡೋ ಕಿಣ್ವ ಇಲ್ಲ, ಆದ್ರೆ ಸಿಕ್ಕಿದ್ರೆ ಅದನ್ನ ಲ್ಯೂಕೋಟ್ರೈನ್ ಸಿ4 ಆಗಿ ಬದಲಾಯಿಸೋ ಕಿಣ್ವ ಇದೆ! ಅರ್ಧ ಕೆಲ್ಸ ಒಬ್ಬರು, ಇನ್ನರ್ಧ ಇನ್ನೊಬ್ಬರು. ಇದೇ ಅರಾಕಿಡೋನಿಕ್ ಆಸಿಡಿಂದ ಬರೋ ಪ್ರೋಸ್ಟಗ್ಲಾಂಡಿನ್ ಅನ್ನೋ ಸಂದೇಶ ಪದಾರ್ಥಗಳ ಮೇಲೆ ಮಾಡಿದ ಕೆಲ್ಸಕ್ಕೆ 1982ರಲ್ಲಿ ಬರ್ಗ್‌ಸ್ಟ್ರಾಮ್, ಸ್ಯಾಮುಯೆಲ್ಸನ್, ವೇನ್ ಮೂವರಿಗೂ ನೊಬೆಲ್ ಬಂತು.

ಉಲ್ಟಾ ದಾರಿನೂ ಇದೆ. ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಸುತ್ತ ಇರೋ ಕೊಬ್ಬು ಒಳಗಿನ ರೋಗನಿರೋಧಕ ಸೆಲ್‌ಗಳಿಗೆ ಬೇಕಾದ ಫ್ಯಾಟಿ ಆಸಿಡ್ ಕೊಡತ್ತೆ ಅಂತ ಕ್ಯಾರೊಲಿನ್ ಪಾಂಡ್ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಕೆಲ್ಸ ಮಾಡಿ ತೋರ್ಸಿದ್ರು.

ನಾಳೆ ಸ್ಲೈಡ್ ಫೋಟೋ ಕಳಿಸ್ತೀನಿ, ಎಡಗಡೆ ಅಂಚಲ್ಲಿರೋ ದೊಡ್ಡ ಸೆಲ್ ನೋಡು, ಹನಿ ಎಣಿಸೋಕೇ ಆಗಲ್ಲ. ಅಮ್ಮಂಗೂ ತೋರ್ಸು.

ನಿನ್ನ ತಮ್ಮ