ಇಸಿಜಿ ಸರಿಯಿದೆ ಎಂದು ಎದೆನೋವನ್ನು ಕಡೆಗಣಿಸದಿರಿ

ಮಾನ್ಯ ಸಂಪಾದಕರೇ,

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದಲೇ ಸರತಿಯಲ್ಲಿ ನಿಂತಿದ್ದರು. ಆ ಗಾಬರಿ ಈಗ ತಗ್ಗಿದೆ. ಆದರೆ ಒಮ್ಮೆ ಇಸಿಜಿ ತೆಗೆಸಿ ‘ನಾರ್ಮಲ್’ ಎನಿಸಿಕೊಂಡರೆ ವರ್ಷವಿಡೀ ನಿಶ್ಚಿಂತೆ ಎಂಬ ನಂಬಿಕೆ ಮಾತ್ರ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಪದವಿಪೂರ್ವ ವಿದ್ಯಾರ್ಥಿಗಳಿಗೆ ಬಹುಕಾಲ ಜೀವಶಾಸ್ತ್ರ ಕಲಿಸಿದ ನನಗೆ ಇದು ಆತಂಕದ ವಿಷಯವಾಗಿ ಕಾಣುತ್ತಿದೆ.

ಹೃದಯದ ಬಲಭಾಗವು ರಕ್ತವನ್ನು ಶ್ವಾಸಕೋಶಗಳಿಗೂ ಎಡಭಾಗವು ಮಹಾಪಧಮನಿಯ ಮೂಲಕ ಇಡೀ ದೇಹಕ್ಕೂ ತಳ್ಳುತ್ತವೆ ಎಂಬುದನ್ನು ಎಲ್ಲರೂ ಶಾಲೆಯಲ್ಲೇ ಓದಿರುತ್ತಾರೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೀಗೆ ಹಾದುಹೋಗುತ್ತದೆ. ಆದರೆ ತನ್ನೊಳಗೇ ಹರಿಯುವ ಈ ರಕ್ತದಿಂದ ಹೃದಯದ ದಪ್ಪ ಸ್ನಾಯುವಿಗೆ ನೇರವಾಗಿ ಬೇಕಾದಷ್ಟು ಆಮ್ಲಜನಕ ದೊರೆಯುವುದಿಲ್ಲ. ಮಹಾಪಧಮನಿಯ ಬುಡದಲ್ಲಿ ಕವಲೊಡೆಯುವ, ಕೆಲವೇ ಮಿಲಿಮೀಟರ್ ಅಗಲದ ಎರಡು ಕರೊನರಿ ರಕ್ತನಾಳಗಳೇ ಅದಕ್ಕೆ ಆಧಾರ. ಅದರಲ್ಲೂ ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡ ಕೆಳಕೋಣೆ, ಬಿಗಿದು ರಕ್ತವನ್ನು ತಳ್ಳುವಾಗ ಅದರ ಗೋಡೆಯೊಳಗಿನ ನಾಳಗಳೂ ಅದುಮಿಕೊಳ್ಳುವುದರಿಂದ, ಊರಿಗೆಲ್ಲ ಬಡಿಸಿದ ಮೇಲೆ ತಾನು ಉಣ್ಣಲು ಕೂರುವವನಂತೆ, ಅದು ತನ್ನ ಪಾಲಿನ ಬಹುಭಾಗವನ್ನು ಸಡಿಲಗೊಂಡ ಗಳಿಗೆಯಲ್ಲಿ ಪಡೆಯುತ್ತದೆ. ನಾಡಿ 72 ಇದ್ದಾಗ ಒಂದು ಬಡಿತಕ್ಕೆ ಸಿಗುವ ಈ ಬಿಡುವು ಸುಮಾರು ಅರ್ಧ ಸೆಕೆಂಡ್. ಮೆಟ್ಟಿಲು ಹತ್ತುವಾಗಲೋ ಗದ್ದೆಯಲ್ಲಿ ದುಡಿಯುವಾಗಲೋ ನಾಡಿ ಏರಿದಂತೆ ಅದೂ ಮೊಟಕಾಗುತ್ತದೆ, ಬೇಡಿಕೆಯಾದರೋ ಅದೇ ಹೊತ್ತಿಗೆ ಹೆಚ್ಚುತ್ತದೆ. ವಿಶ್ರಾಂತಿಯಲ್ಲೇ ರಕ್ತದ ಆಮ್ಲಜನಕದ ಹೆಚ್ಚಿನ ಪಾಲನ್ನು ಹೀರಿಕೊಳ್ಳುವ ಹೃದಯಕ್ಕೆ ಆಗ ಉಳಿಯುವ ದಾರಿ ಮುಖ್ಯವಾಗಿ ಹರಿವನ್ನು ಹೆಚ್ಚಿಸಿಕೊಳ್ಳುವುದೊಂದೇ. ಕೊಬ್ಬು ಕಟ್ಟಿ ಕಿರಿದಾದ ನಾಳದಲ್ಲಿ ಅದಾಗುವುದಿಲ್ಲ.

ಮಲಗಿಸಿ ತೆಗೆಯುವ ಇಸಿಜಿಯು ನಾಳವನ್ನು ನೋಡುವುದಿಲ್ಲ. ಎದೆಯ ಮೇಲೆ ಆರು, ಕೈಕಾಲುಗಳಿಗೆ ನಾಲ್ಕು ಎಲೆಕ್ಟ್ರೋಡ್ ಅಂಟಿಸಿ, ಹೃದಯದ ವಿದ್ಯುತ್ ಚಟುವಟಿಕೆಯನ್ನು ಕೆಲವು ಸೆಕೆಂಡುಗಳ ಕಾಲ ಚೌಕುಳಿ ಕಾಗದದ ಮೇಲೆ ದಾಖಲಿಸುತ್ತಾರೆ. ಆ ಕ್ಷಣದಲ್ಲಿ ಸ್ನಾಯುವಿಗೆ ರಕ್ತ ಸಾಲುತ್ತಿದ್ದರೆ, ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ದರೂ ಗೆರೆಗಳು ಸಹಜವಾಗಿಯೇ ಕಾಣಬಹುದು. ಮರುವಾರ ಆ ಕೊಬ್ಬಿನ ಪದರ ಬಿರಿದು ಹೆಪ್ಪುಗಟ್ಟಿದರೆ ಹಳೆಯ ವರದಿ ಯಾವ ನೆರವಿಗೂ ಬಾರದು. ಹಾಗೆಂದು ಇಸಿಜಿ ವ್ಯರ್ಥ ಎಂದು ಯಾರೂ ತಿಳಿಯಬಾರದು. ನೋವು ಇರುವಾಗ ತೆಗೆದ, ಅಗತ್ಯವಿದ್ದರೆ ಮತ್ತೆ ಮತ್ತೆ ತೆಗೆದ ಇಸಿಜಿಗೆ ಬಹಳ ಬೆಲೆಯಿದೆ.

ಎದೆ ಹಿಂಡಿದಂತಾಗಿ, ದವಡೆಗೋ ಎಡತೋಳಿಗೋ ನೋವು ಹರಿದು, ತಣ್ಣನೆ ಬೆವರಿದಾಗ ‘ಗ್ಯಾಸ್ ಇರಬೇಕು, ಮೊನ್ನೆಯಷ್ಟೇ ಇಸಿಜಿ ಸರಿಯಿತ್ತು’ ಎಂದು ಸೋಡಾ ಕುಡಿದು ಮಲಗುವವರನ್ನು ಕಂಡು ಮನಸ್ಸು ನೋಯುತ್ತದೆ. ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ಉಬ್ಬಸ ಮಾತ್ರ ಇರಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಪರಿಶೀಲಿಸಿ, ಅರ್ಹ ರೋಗಿಗಳಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲೇ ಅದರ ಪ್ರಯೋಜನ ಹೆಚ್ಚು. ಹಠಾತ್ ಸಾವಿನ ವರದಿ ಪ್ರಕಟಿಸುವಾಗಲೆಲ್ಲ ಆಯಾ ತಾಲ್ಲೂಕಿನಲ್ಲಿ ಈ ಸೌಲಭ್ಯವಿರುವ ಆಸ್ಪತ್ರೆ ಯಾವುದು ಎಂಬುದನ್ನೂ, 108ರ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಮುದ್ರಿಸಬೇಕೆಂದು ತಮ್ಮಲ್ಲಿ ಕಳಕಳಿಯಿಂದ ಕೋರುತ್ತೇನೆ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಅರಸೀಕೆರೆ