ತರಕಾರಿ ನೆಡುವ ಮೊದಲು ಮಣ್ಣಿಗೆ ಸುಣ್ಣ ಬೀಳಲಿ

ಮಾನ್ಯ ಸಂಪಾದಕರೇ,

ಮೇ ಕೊನೆಯ ಪತ್ತನಾಜೆ (ಮಳೆಗಾಲಕ್ಕೆ ಮುನ್ನ ಬರುವ ತುಳುನಾಡಿನ ದಿನ) ಹತ್ತಿರವಾಗುತ್ತಿದ್ದಂತೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಪೇಟೆಗಳಲ್ಲಿ ಬೀಜದ ಪೊಟ್ಟಣ ಕೇಳುವವರು ಹೆಚ್ಚುತ್ತಾರೆ. ಅವರಲ್ಲಿ ಮೊದಲ ಸಲ ನೆಟ್ಟಿ (ತರಕಾರಿ ಬೆಳೆ) ಮಾಡುವವರೂ ಇರುತ್ತಾರೆ. ಆಗಸ್ಟ್ ಹೊತ್ತಿಗೆ ಎಷ್ಟೋ ಮಂದಿ ‘ನಮ್ಮ ಕೈಗುಣ ಸರಿಯಿಲ್ಲ’ ಎಂದು ಕೈಬಿಡುವುದನ್ನು ಕಂಡಾಗ ಬೇಸರವಾಗುತ್ತದೆ. ಕಾರಣ ಇರುವುದು ಮಣ್ಣಿನಲ್ಲಿ. ನಮ್ಮದು ಮುರಕಲ್ಲಿನ ನೆಲ. ವರ್ಷವರ್ಷದ ಜಡಿಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಂಥ ಮಣ್ಣಿಗೆ ಎಷ್ಟು ಗೊಬ್ಬರ ಹಾಕಿದರೂ ಬೇರಿಗೆ ರಂಜಕ ದಕ್ಕುವುದು ಕಡಿಮೆ.

ಬೇಸಗೆಯ ಒಂದೆರಡು ಮಳೆ ಬಿದ್ದು ನೆಲ ಹದವಾದಾಗ ಸೆಂಟ್ಸ್ (ಎಕರೆಯ ನೂರನೇ ಒಂದು ಪಾಲು) ಒಂದಕ್ಕೆ 2ರಿಂದ 3 ಕಿಲೋ ಸುಣ್ಣ ಅಥವಾ ಡೋಲಮೈಟ್ ಎಂಬ ಸುಣ್ಣದ ಕಲ್ಲಿನ ಪುಡಿ ಎರಚಿ ಕೊತ್ತಬೇಕು. ಗ್ರೋಬ್ಯಾಗಾದರೆ ಒಂದಕ್ಕೆ 50 ಗ್ರಾಂ ಆಸುಪಾಸು ಸಾಕು. ಸೆಗಣಿ ಗೊಬ್ಬರ ಬೆರೆಸಲು ಎರಡು ವಾರ ಕಾಯಲೇಬೇಕು. ಸುಣ್ಣವೂ ಸೆಗಣಿಯೂ ಒಟ್ಟಿಗೆ ಸೇರಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಸೊಪ್ಪು-ಕಸದ ಜೊತೆ ಮಣ್ಣನ್ನು ಸುಟ್ಟು ಮಾಡುವ ಹಿರಿಯರ ಸುಡುಮಣ್ಣು ಈಗಲೂ ಒಳ್ಳೆಯದು. ಕಳೆಯ ಬೀಜ ಸಾಯುತ್ತದೆ, ಬೂದಿಯಿಂದ ಪೊಟಾಷ್ ಸಿಗುತ್ತದೆ, ಹುಳಿಯೂ ಇಳಿಯುತ್ತದೆ. ಸುಡುಮಣ್ಣು ಧಾರಾಳವಾಗಿ ಹಾಕಿದಲ್ಲಿ ಸುಣ್ಣವನ್ನು ತುಸು ಕಡಿಮೆ ಮಾಡಬಹುದು.

ಎರಡನೆಯ ಶತ್ರು ಸೊರಗು ರೋಗ. ಟೊಮೆಟೊ, ಬದನೆ, ಮೆಣಸಿನ ಗಿಡ ಹೂ ಬಿಡುವ ಹೊತ್ತಿಗೆ ಎಲೆ ಹಸಿರಾಗಿರುವಾಗಲೇ ಜೋತುಬೀಳುತ್ತದೆ. ನೀರು ಕಮ್ಮಿಯಾಯಿತೆಂದು ಮತ್ತಷ್ಟು ಹೊಯ್ಯುತ್ತಾರೆ. ರೋಗಾಣು ಆ ನೀರಿನ ಜೊತೆ ಪಕ್ಕದ ಬುಡಕ್ಕೂ ಹರಿಯುತ್ತದೆ. ಅನುಮಾನವಿದ್ದರೆ ಬುಡದ ಕಾಂಡ ಕತ್ತರಿಸಿ ಒಂದು ಲೋಟ ತಿಳಿನೀರಿನಲ್ಲಿ ಇಳಿಬಿಡಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಆ ಗಿಡಕ್ಕೆ ಮದ್ದಿಲ್ಲ. ಬೇರುಸಮೇತ ಕಿತ್ತು ಸುಟ್ಟು, ಅದೇ ಜಾಗದಲ್ಲಿ ಮುಂದೆ ಅಲಸಂಡೆಯನ್ನೋ ಬೆಂಡೆಯನ್ನೋ ಹಾಕಬೇಕು. ಬಯಲುಸೀಮೆಗೆ ಹೊಂದುವ ಹೈಬ್ರಿಡ್ ಬೀಜಗಳು ಇಲ್ಲಿ ಸೋಲುವುದು ಹೆಚ್ಚಾಗಿ ಈ ರೋಗಕ್ಕೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಟೊಮೆಟೊ ತಳಿಗಳಾದ ಶಕ್ತಿ, ಅನಘಾ, ಮೆಣಸಿನ ಉಜ್ವಲಾ, ಬದನೆಯ ಸೂರ್ಯ, ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ, ಇವು ರೋಗವನ್ನು ತಡೆದುಕೊಳ್ಳುತ್ತವೆ. ಸುಂಡೆ ಗಿಡದ ಮೇಲೆ ಕಸಿ ಕಟ್ಟಿದ ಬದನೆ ಸಿಕ್ಕಿದರೆ ಇನ್ನೂ ಲೇಸು. ಸಸಿ ನೆಡುವ ಮೊದಲು ಲೀಟರ್ ನೀರಿಗೆ 20 ಗ್ರಾಂ ಸ್ಯೂಡೊಮೊನಾಸ್ (ರೋಗಾಣುವನ್ನು ತಡೆಯುವ ಉಪಕಾರಿ ಬ್ಯಾಕ್ಟೀರಿಯಾದ ಪುಡಿ) ಕದಡಿ ಬೇರನ್ನು ಅರ್ಧ ತಾಸು ಅದ್ದಿಡಿ. ಸಸಿ ನೆಡುವ ಮಣ್ಣಿನ ಏರಿ ಒಂದಡಿ ಎತ್ತರವಿರಲಿ.

ಹೀರೆ, ಪಡುವಲ, ಹಾಗಲದ ಮೊದಲ ಹೂಗಳು ಉದುರಿದವೆಂದು ಗಾಬರಿಪಡಬೇಕಿಲ್ಲ, ಅವು ಗಂಡು ಹೂಗಳು. ಬುಡದಲ್ಲಿ ಪುಟ್ಟ ಕಾಯಿ ಇರುವುದೇ ಹೆಣ್ಣು. ಬಿಡದ ಮಳೆಗೆ ದುಂಬಿ ಬಾರದಿದ್ದರೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಹಾಗಲಕ್ಕೆ ಬೆಳಗ್ಗೆ, ಹೀರೆಯ ಹೂ ಅರಳುವುದೇ ಸಂಜೆ, ಆದ್ದರಿಂದ ಅದಕ್ಕೆ ಸಂಜೆ. ಎಳೆ ಕಾಯಿ ಹಳದಿಯಾಗಿ ಕೊಳೆತರೆ ಅದು ಹಣ್ಣುನೊಣದ ಹಾವಳಿ. ತುಳಸಿ ಅರೆದು ಇಡುವ ಬಲೆಗೆ ಮಾವಿನ ನೊಣ ಬರುತ್ತದೆ, ಹೀರೆಯ ನೊಣ ಬರುವುದಿಲ್ಲ. ಇದಕ್ಕೆ ಕ್ಯೂಲೂರ್ ಎಂಬ ಸೆಳೆಯುವ ವಾಸನೆಯಿಟ್ಟ ಬಲೆಯೇ ಬೇಕು. ಅದೂ ಗಂಡು ನೊಣವನ್ನಷ್ಟೇ ಹಿಡಿಯುವುದರಿಂದ ಮಿಡಿಗಳಿಗೆ ಕಾಗದ ಸುತ್ತುವುದನ್ನು ಬಿಡಬಾರದು. ಉದುರಿದ ಕಾಯಿಯನ್ನು ಬುಡದಲ್ಲೇ ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ. ಎರಡಡಿ ಆಳಕ್ಕೆ ಹೂಳಿ.

ಹೂಗಿಡಗಳನ್ನು ತರಕಾರಿಯಿಂದ ಬೇರೆಯಾಗಿ ನೋಡಬೇಡಿ. ಅಬ್ಬಲಿಗೆ (ಕನಕಾಂಬರ) ಸೊರಗಿದ್ದರೆ ಬೇರು ಕಿತ್ತು ನೋಡಿ. ಗಂಟುಗಳಿದ್ದರೆ ಮಣ್ಣಿನಲ್ಲಿ ಬೇರು ತಿನ್ನುವ ಜಂತುಹುಳು ಇದೆ. ಆ ಜಾಗದಲ್ಲಿ ಒಂದು ಹಂಗಾಮು ಗೊಂಡೆ (ಚೆಂಡುಹೂ) ಬೆಳೆಸಿದರೆ ಅದು ತಗ್ಗುತ್ತದೆ, ಮುಂದೆ ಬೆಂಡೆಗೂ ಒಳ್ಳೆಯದು. ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಸವರದೆ ಹೂವಿಲ್ಲ. ಅಡಿಕೆಯ ನೆರಳಿನಲ್ಲಂತೂ ಯಾವುದೂ ಬೇಡ.

ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನೆಲವಿದು. ಅಡುಗೆಮನೆಯ ಹಿಂದಿನ ನಾಲ್ಕು ಬುಡಕ್ಕೆ ವಿಷ ಹೊಡೆಯುವುದು ಬೇಡವೇ ಬೇಡ. ಸಸ್ಯಹೇನು, ಬಿಳಿನೊಣಕ್ಕೆ ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ರಸ, 5 ಗ್ರಾಂ ಬಾರ್ ಸಾಬೂನು ಬೆರೆಸಿ ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಸಾಬೂನನ್ನು ಮೊದಲು ಕರಗಿಸದಿದ್ದರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತದೆ.

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕೃಷಿಭವನಗಳಲ್ಲಿ ಒಂದು ವಿನಂತಿ: ಬೀಜ, ಗ್ರೋಬ್ಯಾಗ್ ವಿತರಿಸುವಾಗ ಸುಣ್ಣದ ಅಳತೆ, ತಳಿಯ ಹೆಸರು, ಬಿತ್ತುವ ಕಾಲ ಬರೆದ ಒಂದು ಹಾಳೆ ಕನ್ನಡದಲ್ಲೂ ಇರಲಿ. ಅದು ಮೇ ಮೊದಲ ವಾರದಲ್ಲೇ ಕೈಸೇರಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸುಣ್ಣ ಹಾಕಿದರೆ ಅದು ತೋಡು ಸೇರುತ್ತದೆ.

– ತರಕಾರಿ ಬೆಳೆಗಾರರು, ಪೆರ್ಲ