ಫ್ಯಾಂಟಸ್ಮಗೋರಿಯಾ ಎಂದರೆ ಬರೀ ಕನಸಲ್ಲ

ಮಾನ್ಯ ಸಂಪಾದಕರೇ,

ಕಲೆ, ಸಿನಿಮಾ, ಪುಸ್ತಕಗಳ ವಿಮರ್ಶೆಗಳಲ್ಲಿ ‘ಫ್ಯಾಂಟಸ್ಮಗೋರಿಯಾ’ ಎಂಬ ಪದ ಈಚೆಗೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಮಂಜು ಕವಿದ ಬೆಟ್ಟವಿರಲಿ, ಮಬ್ಬು ಬೆಳಕಿನ ಒಂದು ಚಿತ್ರವಿರಲಿ, ಕನಸಿನಂತೆ ಕಂಡದ್ದಕ್ಕೆಲ್ಲ ಅದನ್ನೇ ಅಂಟಿಸುತ್ತಾರೆ. ಇಷ್ಟು ಅಪರೂಪದ ಪದ ಹೀಗೆ ಸವೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೊದಲಿಗೆ ಇದೊಂದು ಪ್ರದರ್ಶನದ ಹೆಸರು. 1792ರಲ್ಲಿ ಫಿಲಿಡೋರ್ ಎಂಬಾತ ಪ್ಯಾರಿಸ್‌ನಲ್ಲಿ ಈ ಹೆಸರಿನಲ್ಲಿ ದೆವ್ವಗಳ ಆಟ ತೋರಿಸಿದ. ಕೆಲವೇ ವರ್ಷಗಳಲ್ಲಿ ರಾಬರ್ಟ್‌ಸನ್ ಎಂದು ಹೆಸರಾದ ಎಟಿಯೆನ್ ಗಾಸ್ಪಾರ್ ರೊಬೇರ್ ಅದನ್ನು ಪಾಳುಬಿದ್ದ ಕ್ರೈಸ್ತ ಮಠವೊಂದಕ್ಕೆ ಒಯ್ದ. ಗಾಜಿನ ಮೇಲೆ ಬರೆದ ಚಿತ್ರವನ್ನು ದೀಪದ ಬೆಳಕಿನಿಂದ ಪರದೆಯ ಮೇಲೆ ಮೂಡಿಸುವ ಯಂತ್ರವೇ ಮ್ಯಾಜಿಕ್ ಲ್ಯಾಂಟರ್ನ್; ಗಾಲಿ ಕಟ್ಟಿದ ಅದು ಪರದೆಯ ಹಿಂದೆ ಅಡಗಿರುತ್ತಿತ್ತು. ಅದನ್ನು ಹಿಂದಕ್ಕೆಳೆದಂತೆ ಪರದೆಯ ಮೇಲಿನ ಆಕೃತಿ ಹಿಗ್ಗಿ, ಜನರ ಮೈಮೇಲೇ ನುಗ್ಗಿ ಬಂದಂತೆ ಕಾಣುತ್ತಿತ್ತು. ಗಾಜಿನ ಮೇಲೆ ಆಕೃತಿಯ ಸುತ್ತ ಕಪ್ಪು ಬಳಿದಿದ್ದರಿಂದ ಅದಕ್ಕೆ ಹಿನ್ನೆಲೆಯೇ ಇಲ್ಲ, ಕತ್ತಲಲ್ಲಿ ತೇಲಿದಂತೆ. ಹೊಗೆಯ ಮೇಲೂ ಬಿಂಬ ಬಿಡುತ್ತಿದ್ದರು.

ಪದದ ಜೀವ ಇರುವುದು ಈ ಚಲನೆಯಲ್ಲಿ. ಬಿಂಬಗಳು ಒಂದರ ಹಿಂದೊಂದು ಬರಬೇಕು, ಹಿಗ್ಗಬೇಕು, ಕುಗ್ಗಬೇಕು, ಕರಗಬೇಕು. ಅವು ಎಲ್ಲಿಂದ ಬಂದವೆಂದು ನೋಡುವವನಿಗೆ ತಿಳಿಯಬಾರದು. ಜ್ವರದಲ್ಲಿ ಮಲಗಿದವನ ಕಣ್ಣೆದುರು ಸತ್ತವರ ಮುಖಗಳು ಒಂದರೊಳಗೊಂದು ಬೆರೆತು ಮಾಯವಾಗುತ್ತಿದ್ದರೆ ಅದು ಫ್ಯಾಂಟಸ್ಮಗೋರಿಯಾ. ಬೆಳದಿಂಗಳಲ್ಲಿ ನಿಶ್ಚಲವಾಗಿ ಮಲಗಿದ ಕೆರೆ ಎಷ್ಟೇ ಸ್ವಪ್ನಸದೃಶವಾಗಿದ್ದರೂ ಅಲ್ಲ.

ಕಾರ್ಲ್ ಮಾರ್ಕ್ಸ್ 1867ರ ‘ಬಂಡವಾಳ’ ಗ್ರಂಥದಲ್ಲಿ ಇದೇ ಪದದ ವಿಶೇಷಣರೂಪವನ್ನು ಬಳಸಿದ್ದಾನೆ. ಮನುಷ್ಯರ ನಡುವಿನ ಸಂಬಂಧ ಸರಕುಗಳ ನಡುವಿನ ಸಂಬಂಧವಾಗಿ ತೋರುವ ಬಗೆಯನ್ನು ಹೇಳಲು ಅವನಿಗೆ ಅದು ಬೇಕಾಯಿತು. ಕಾಣುವುದು ಬಿಂಬ, ದುಡಿಮೆ ಮಾತ್ರ ಪರದೆಯ ಹಿಂದೆ. ಪದದ ಬಳಕೆ ಎಂದರೆ ಹೀಗಿರಬೇಕು ಅನಿಸುತ್ತದೆ ನನಗೆ.

ನಮ್ಮ ‘ಗಂಧರ್ವನಗರ’ವನ್ನು ಇದಕ್ಕೆ ಸಾಟಿಯೆಂದು ಕೆಲವರು ಸೂಚಿಸಬಹುದು. ಅದ್ವೈತ ದಾರ್ಶನಿಕ ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲಿ ಸ್ವಪ್ನ, ಮಾಯೆಗಳ ಜೊತೆಗೇ ಬರುವ ಸುಂದರ ಪದ ಅದು. ಆದರೆ ಆಕಾಶದಲ್ಲಿ ತೋರುವ ಆ ಊರು ಒಂದೇ ನೋಟ. ಅಲ್ಲಿ ಬಿಂಬಗಳ ನೂಕುನುಗ್ಗಲಿಲ್ಲ. ‘ಇಂದ್ರಜಾಲ’ ಇನ್ನೂ ಹತ್ತಿರ, ಆದರೆ ಅಲ್ಲಿ ಜಾದೂಗಾರ ನಮ್ಮೆದುರೇ ನಿಂತಿರುತ್ತಾನೆ.

ಹಾಗಾಗಿ ಎರವಲು ಪದವೇ ಇರಲಿ ಎಂಬುದು ನನ್ನ ಅಭಿಪ್ರಾಯ. ಒಂದು ದೃಶ್ಯ ಬರೀ ಕನಸಿನಂತಿದ್ದರೆ ‘ಕನಸಿನಂಥ’ ಎಂದೇ ಬರೆಯುವಂತೆ ತಮ್ಮ ವಿಮರ್ಶಕರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತು,
ತಮ್ಮ ಓದುಗ